ಬಂಗಾರಪೇಟೆಯಿಂದ ಎಸ್‌ಎಸ್‌ಡಿ ತಂದದ್ದು

ಅಂದು ಬೆಳಿಗ್ಗೆಯೂ ಮೊದಲು ಲ್ಯಾಪ್‌ಟಾಪಿನ ಗುಂಡಿ ಒತ್ತಿ, ಆಮೇಲೆ ಪೊರಕೆ ಹಿಡಿದೆ. ವರ್ಷದಿಂದ ನಮ್ಮ ಮನೆಯಲ್ಲಿ ಬೆಳಗಾಗುವ ಕ್ರಮವೇ ಅದು. ಗುಂಡಿ ಒತ್ತಿ ಅಂಗಳ ಗುಡಿಸಿ, ನೀರು ಚಿಮುಕಿಸಿ, ರಂಗೋಲಿಯ ಎಳೆ ಎಳೆದು ಮುಗಿಸುವ ಹೊತ್ತಿಗೆ ಅತ್ತೆ ಕೊಟ್ಟಿಗೆಯಿಂದ ಹಾಲಿನ ಕ್ಯಾನು ತಂದು ಮೆಟ್ಟಿಲ ಮೇಲಿಟ್ಟು ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. ಕೈ ಒರೆಸಿಕೊಂಡು ಒಳಗೆ ಬಂದರೆ ಪರದೆಯ ಮೇಲೆ ಬಿಳಿ ಚುಕ್ಕಿಗಳು ಇನ್ನೂ ಸುತ್ತು ಹಾಕುತ್ತಲೇ ಇರುತ್ತವೆ. ಬೆಂಗಳೂರಿನ ರೈಲಿಗೆ ಹೊರಟ ಯಜಮಾನರು ಬೂಟಿನ ಲೇಸು ಬಿಗಿಯುತ್ತಾ ಅತ್ತ ಒಮ್ಮೆ ನೋಡಿದರು.

"ನಿಮ್ಮ ಸಾಹೇಬ್ರು ಇನ್ನೂ ಎದ್ದಿಲ್ವಾ?"

"ಏಳ್ತಾ ಇದಾರೆ. ಮೈ ಮುರೀತಾ ಇದಾರೆ."

"ದೀಪಾವಳಿ ಬೋನಸ್ ಬರಲಿ, ಹೊಸದೇ ತಗೊಂಡ್ರಾಯ್ತು," ಎಂದು ಊಟದ ಡಬ್ಬಿ ಎತ್ತಿಕೊಂಡು ಹೊರಟರು. ಹೋದ ದೀಪಾವಳಿಗೂ ಅದನ್ನೇ ಹೇಳಿದ್ದರು. ಬೋನಸ್ಸೇನೋ ಬಂತು; ಕೊಟ್ಟಿಗೆಯ ಶೀಟು ಹಾರಿಹೋಗಿತ್ತು, ಅದಕ್ಕೆ ಹೋಯಿತು.

ಆ ಲ್ಯಾಪ್‌ಟಾಪ್ ಅವರ ಕಾರ್ಖಾನೆಯ ಆಫೀಸಿನವರು ಹಳತಾಯಿತೆಂದು ಕಡಿಮೆ ಬೆಲೆಗೆ ಮಾರಿದ್ದು. ಅದರಲ್ಲಿ ನಾನು ಮದುವೆ ಆಲ್ಬಮ್ ಡಿಸೈನ್ ಮಾಡುತ್ತೇನೆ. ಕೆಜಿಎಫ್‌ನ ಸ್ಟುಡಿಯೋ ಒಂದರವರು ಸಾವಿರಾರು ಫೋಟೊ ತುಂಬಿದ ಪೆನ್‌ಡ್ರೈವ್ ಕಳಿಸುತ್ತಾರೆ. ಆರಿಸಿ, ಕತ್ತರಿಸಿ, ಪುಟಪುಟವಾಗಿ ಜೋಡಿಸುವುದು ನನ್ನ ಕೆಲಸ. ಧಾರೆಯ ಫೋಟೊದ ಮೂಲೆಯಲ್ಲಿ ಹುಡುಗಿಯ ಸೋದರಮಾವ ಪಂಚೆಯ ತುದಿಯಿಂದ ಕಣ್ಣೊರೆಸಿಕೊಳ್ಳುತ್ತಿದ್ದರೆ ಅದನ್ನು ಹುಡುಕಿ ತೆಗೆದು ಒಂದು ಇಡೀ ಪುಟ ಕೊಡುತ್ತೇನೆ. ಅದನ್ನು ನೋಡಿ ಮನೆಯವರೆಲ್ಲ ಅತ್ತರಂತೆ ಎಂದು ಸ್ಟುಡಿಯೋದವರು ಒಮ್ಮೆ ಫೋನಿನಲ್ಲಿ ಹೇಳಿದ್ದರು. ಕೆಜಿಎಫ್‌ನ ನಂದಿದುರ್ಗ ಗಣಿಯ ಕಾರ್ಮಿಕರ ಲೈನ್ ಮನೆಯಲ್ಲಿ ಬೆಳೆದು, ಕಾನ್ವೆಂಟಿನಲ್ಲಿ ಓದಿ, ಮದುವೆಯಾಗಿ ಈ ಊರಿನ ದನದ ಮನೆಗೆ ಬಂದ ಮೇಲೆ, ಇದು ನನ್ನದು ಎಂದು ನಾನು ಬೆರಳಿಟ್ಟು ತೋರಿಸಬಹುದಾದ ಕೆಲಸ ಇದೊಂದೇ.

ಅಂದು ಆ ಸ್ಟುಡಿಯೋದವರದೇ ಫೋನು ಬಂತು.

"ಸಿಸ್ಟರ್, ತಪ್ಪು ತಿಳ್ಕೋಬೇಡಿ. ನಿಮ್ಮ ಡಿಸೈನ್ ಸೂಪರಾಗೈತೆ. ಆದ್ರೆ ಪಾರ್ಟಿ ಕಾಯಲ್ಲಮ್ಮಾ. ಹೋದ ಆಲ್ಬಮ್ಮೂ ಲೇಟು. ಈ ಶನಿವಾರ ಬರ್ಲಿಲ್ಲಾಂದ್ರೆ ಇನ್ಮೇಲೆ ಬೆಂಗ್ಳೂರಿಗೇ ಕಳಿಸ್ಬೇಕಾಗ್ತದೆ."

"ಶನಿವಾರ ಕೊಡ್ತೀನಿ ಅಣ್ಣಾ."

ಫೋನಿಟ್ಟ ಮೇಲೆ ಒಂದು ಪುಟ ತೆರೆಯಲು ಗುಂಡಿ ಒತ್ತಿದೆ. ತೆರೆದುಕೊಳ್ಳುವಷ್ಟರಲ್ಲಿ ಕುಕ್ಕರು ಮೂರು ಸಲ ಕೂಗಿತು. ಹೀಗಾದರೆ ಶನಿವಾರವಲ್ಲ, ಮುಂದಿನ ಶನಿವಾರಕ್ಕೂ ಆಗದು. ಅವತ್ತೇ ಬಂಗಾರಪೇಟೆಗೆ ಹೋಗಿ, ಹಳೆಯ ಡಿಸ್ಕಿಗಿಂತ ಬೇಗ ಫೋಟೊ ತೆರೆಯುವ ಎಸ್‌ಎಸ್‌ಡಿ ತರುವುದೆಂದು ಗಟ್ಟಿ ಮಾಡಿಕೊಂಡೆ.

ಏನು ಬೇಕೆಂಬುದು ನನಗೆ ಗೊತ್ತಿತ್ತು. ಹಿಂದಿನ ವಾರವೇ ಹೊಲಿಗೆ ಮೆಷಿನ್ನಿನ ಸಣ್ಣ ಸ್ಕ್ರೂಡ್ರೈವರಿನಿಂದ ಲ್ಯಾಪ್‌ಟಾಪಿನ ಬೆನ್ನು ಬಿಚ್ಚಿ ನೋಡಿದ್ದೆ. ಬಿಚ್ಚಿದ ಸ್ಕ್ರೂಗಳನ್ನು ಬಿಳಿ ಟವೆಲ್ಲಿನ ಮೇಲೆ ಅವು ಇದ್ದ ಜಾಗದಂತೆಯೇ ಸಾಲಾಗಿ ಇಟ್ಟುಕೊಂಡಿದ್ದೆ. ಒಳಗೆ ಫ್ಯಾನಿನ ಸುತ್ತ ಬೂದು ದೂಳು ಹತ್ತಿಯ ಹಾಗೆ ಕೂತಿತ್ತು. ಒಂದು ಮೂಲೆಯಲ್ಲಿ ಹಳೆಯ ಹಾರ್ಡ್ ಡಿಸ್ಕ್. ಅದರ ಪಕ್ಕ, ಹಸಿರು ಹಲಗೆಯ ಮೇಲೆ, ಬೆರಳುದ್ದದ ಖಾಲಿ ಜಾಗ. ಆ ಮಾಡೆಲ್ಲಿನ ಕೈಪಿಡಿಯನ್ನು ಫೋನಿನಲ್ಲಿ ತೆಗೆದು ಓದಿದೆ. ಚ್ಯೂಯಿಂಗ್ ಗಮ್ಮಿನ ಪಟ್ಟಿಯಂತಿರುವ, ಅತಿ ವೇಗದ ಎಸ್‌ಎಸ್‌ಡಿ ಅಲ್ಲಿ ಕೂರುತ್ತದೆಂದು ಬರೆದಿತ್ತು. ಹಳೆಯ ಡಿಸ್ಕು ಇದ್ದಲ್ಲೇ ಇದ್ದು ಮುಗಿದ ಮದುವೆಗಳನ್ನೆಲ್ಲ ಇಟ್ಟುಕೊಳ್ಳಲಿ. ನಡೆಯುತ್ತಿರುವ ಮದುವೆ ಹೊಸದರಲ್ಲಿರಲಿ. ಆಲ್ಬಮ್ಮಿನ ಸಂಪಾದನೆಯಲ್ಲಿ ನಾನು ಉಳಿಸಿಕೊಂಡಿದ್ದ ಐದು ಸಾವಿರದಲ್ಲಿ ಆಗಬಹುದಾದದ್ದು ಇಷ್ಟೇ.

ಅತ್ತೆಗೂ ಬೂಸಾ ತರುವುದಿತ್ತು. ಇಬ್ಬರೂ ಬಸ್ಸು ಹತ್ತಿದೆವು. ಲ್ಯಾಪ್‌ಟಾಪನ್ನು ಹಳೆಯ ಶಾಲು ಸುತ್ತಿ ತೊಡೆಯ ಮೇಲಿಟ್ಟುಕೊಂಡಿದ್ದೆ.

"ಮಗಿನ ಎತ್ಕೊಂಡಂಗೆ ಎತ್ಕೊಂಡವ್ಳೆ ನೋಡು," ಎಂದರು ಅತ್ತೆ, ಪಕ್ಕದ ಸೀಟಿನವರಿಗೆ ಕೇಳುವಂತೆ. "ಸಂಜೆ ಆಲು ಕರೆಯೋ ಒತ್ಗೆ ಮನೇಲಿರ್ಬೇಕು ಕಣಮ್ಮಾ. ಡೈರಿಯೋನು ನಮ್ಗೋಸ್ಕರ ಕಾಯಲ್ಲ."

ಅಂಗಡಿ ಸ್ಟೇಷನ್ ರಸ್ತೆಯಲ್ಲಿ, ಮೊಬೈಲು ರಿಪೇರಿಯವರ ಸಾಲಿನಲ್ಲಿತ್ತು. ಅತ್ತೆಗೆ ಸ್ಟೂಲು ಹಾಕಿಕೊಟ್ಟ ಅಂಗಡಿಯಾತ ನನ್ನ ಮುಂದೆ ಎರಡು ಪೆಟ್ಟಿಗೆ ಇಟ್ಟ. ಒಂದು ಸಾವಿರ ಜಿಬಿಯದು. ಹೆಸರೇ ಕೇಳಿರದ ಕಂಪನಿ. ಪೆಟ್ಟಿಗೆಯ ಮೇಲೆ ಬೆಂಕಿಯ ಚಿತ್ರ, ಕೆಳಗೆ ವೇಗದ ದೊಡ್ಡ ಅಂಕಿ. ಇನ್ನೊಂದು ಅದರರ್ಧ ಜಾಗದ್ದು. ಬರೆದಿದ್ದ ವೇಗವೂ ಕಡಿಮೆ. ಬೆಲೆ ಮಾತ್ರ ಹೆಚ್ಚುಕಮ್ಮಿ ಅಷ್ಟೇ.

"ಇದರಲ್ಲಿ ಯೋಚ್ನೆ ಮಾಡೋದೇನೈತೆ ಮೇಡಂ? ಅದೇ ದುಡ್ಡಿಗೆ ಡಬಲ್ ಜಾಗ, ಡಬಲ್ ಸ್ಪೀಡು. ನನ್ನ ಸಿಸ್ಟಮ್ಮಿಗೂ ಇದನ್ನೇ ಹಾಕ್ಕೊಂಡಿದ್ದೀನಿ."

ಆ ಅಂಕಿಯನ್ನು ನೋಡುತ್ತಾ ನನಗೆ ನಮ್ಮ ಸೀಮೆಹಸು ಕೊಂಡ ದಿನ ನೆನಪಾಯಿತು. ಸಂತೆಗೆ ಹಸು ತರುವವರಲ್ಲಿ ಕೆಲವರು ಹಿಂದಿನ ಸಂಜೆ ಕರೆಯದೆ ಬಿಟ್ಟು ತಂದಿರುತ್ತಾರೆ. ಬೆಳಿಗ್ಗೆ ಕೆಚ್ಚಲು ಬಿಂದಿಗೆಯಷ್ಟು ದಪ್ಪ. ಕೊಳ್ಳುವವನ ಎದುರೇ ಕರೆದು ತೋರಿಸುತ್ತಾರೆ, ನೊರೆ ಉಕ್ಕುತ್ತದೆ, ದುಡ್ಡು ಕೈ ಬದಲಾಗುತ್ತದೆ. ಮನೆಗೆ ತಂದು ಸಂಜೆ ಕೂತರೆ ತಳವೂ ಮುಚ್ಚುವುದಿಲ್ಲ. ಅತ್ತೆ ಅದಕ್ಕೇ ಮಾರುವವರ ಮನೆಯಲ್ಲಿ ಬೆಳಿಗ್ಗೆಯೂ ಸಂಜೆಯೂ ಕೂತು, ಎರಡನೇ ಸಲ ತಾವೇ ಕರೆದು ನೋಡಿ ಹಗ್ಗ ಹಿಡಿದಿದ್ದರು. ಎಸ್‌ಎಸ್‌ಡಿಗಳ ಬಗ್ಗೆ ನಾನು ಫೋನಿನಲ್ಲಿ ಓದಿದ್ದೂ ಅಂಥದೇ ಒಂದು ಮಾತು. ಕೆಲವು ಅಗ್ಗದವು ಮೊದಲ ಸ್ವಲ್ಪ ಹೊತ್ತು ಹಾರುತ್ತವೆ; ಒಳಗಿನ ಸಣ್ಣ ವೇಗದ ಜಾಗವೆಂಬ ಮೊದಲ ಪಾತ್ರೆ ತುಂಬುತ್ತಲೇ ತೆವಳುತ್ತವೆ. ಮದುವೆಯ ಫೋಟೊಗಳಾದರೋ ಪಾತ್ರೆಗಟ್ಟಲೆ.

"ದೊಡ್ಡ ಫೋಲ್ಡರ್ ಒಂದನ್ನ ಕಾಪಿ ಮಾಡಿ ತೋರಿಸ್ತೀರಾ, ಪ್ಲೀಸ್? ನಿಮ್ಮ ಸಿಸ್ಟಮ್ಮಲ್ಲೇ ಇದೆಯಲ್ಲ," ಎಂದೆ.

"ಯಾರೂ ಇದುವರ್ಗೂ ಇಂಗೆ ಕೇಳಿಲ್ಲ ಮೇಡಂ."

"ನಾನು ಕೇಳ್ತಾ ಇದೀನಲ್ಲ."

ಪೆನ್‌ಡ್ರೈವ್ ಕೊಟ್ಟೆ. ಅದರಲ್ಲಿ ಇಡೀ ಮದುವೆ ಇತ್ತು. ಆತ ಚುಚ್ಚಿ ಕಾಪಿಗೆ ಹಾಕಿದ. ಪರದೆಯ ಮೇಲೆ ವೇಗ ತೋರಿಸುವ ಹಸಿರು ಗೆರೆ ಒಂದೇ ಸಮನೆ ಸಾಗಿತು. ಹೊರಗೆ ಕೊತ್ತಂಬರಿಯ ಗಾಡಿ ಬಂದು ಹೋಯಿತು, ಅತ್ತೆ ಬೂಸಾ ಅಂಗಡಿಗೆ ಹೋಗಿ ಮೂಟೆ ಕಟ್ಟಿಸಿ ಬಂದರು. ಗೆರೆ ಎಲ್ಲೂ ಇಳಿಯಲಿಲ್ಲ.

"ನೋಡಿದ್ರಾ? ಕೊನೇತನಕ ಒಂದೇ ಸಮ. ಸುಮ್ನೆ ಅನುಮಾನ ಪಡ್ತೀರ."

ನನಗೆ ನಾಚಿಕೆಯಾಯಿತು. ಅಂಗಡಿಯವರ ಮುಂದೆ ವಾದ ಮಾಡಬಾರದು, ಸಹಾಯ ಮಾಡಿದವರಿಗೆ ಥ್ಯಾಂಕ್ಸ್ ಹೇಳಿ ಹೊರಡಬೇಕು ಎಂದೇ ನಮ್ಮ ಕಾನ್ವೆಂಟಿನ ಮದರ್ ಕಲಿಸಿದ್ದು. ಥ್ಯಾಂಕ್ಸ್ ಹೇಳಿ ಪರ್ಸಿನ ಜಿಪ್ ಎಳೆದೆ. ಎಳೆಯುತ್ತಾ ಮತ್ತೊಮ್ಮೆ ಪರದೆಯತ್ತ ಕಣ್ಣು ಹೋಯಿತು. ಗೆರೆಯ ಕೆಳಗಿದ್ದ ವೇಗದ ಅಂಕಿ ಗುರುತಿನದು. ಮನೆಯಲ್ಲಿ ಇದೇ ಪೆನ್‌ಡ್ರೈವನ್ನು ನನ್ನ ಮುದಿ ಡಿಸ್ಕಿಗೆ ಕಾಪಿ ಮಾಡುವಾಗಲೂ ಅಷ್ಟೇ ಬರುತ್ತಿತ್ತು. ಹಾಗಾದರೆ ಇಷ್ಟು ಹೊತ್ತು ನಾನು ಅಳೆದದ್ದು ಪೆನ್‌ಡ್ರೈವನ್ನು! ಅದು ಕೊಡುವುದೇ ತೊಟ್ಟು ತೊಟ್ಟು. ತೆಗೆದುಕೊಳ್ಳುವವನು ಓಡುವವನೋ ಕುಂಟನೋ ಎಂದು ತಿಳಿಯುವುದು ಹೇಗೆ?

ಜಿಪ್ಪನ್ನು ಮತ್ತೆ ಮುಚ್ಚಿದೆ.

"ನಿಮ್ಮ ಸಿಸ್ಟಮ್ಮಲ್ಲಿ ಬೇರೆ ಸ್ಪೀಡಿನ ಡ್ರೈವೂ ಇದೆ ಅಲ್ವಾ? ಅದರಿಂದ ಇದಕ್ಕೆ ಹಾಕಿ. ಯಾವುದಾದರೂ ದೊಡ್ಡ ಗೇಮು."

"ಮೇಡಂ, ಗಿರಾಕಿಗಳು ನಿಂತವ್ರೆ..."

"ಅವರನ್ನ ನೋಡಿ ಕಳಿಸಿ. ಕಾಪಿ ತಾನೇ ತಾನಾಗಿ ಆಗುತ್ತೆ. ನಾನು ಕಾಯ್ತೀನಿ."

ಅತ್ತೆ ಸೆರಗು ಕೊಡವಿ ಎದ್ದರು. "ಒತ್ತಾಯ್ತು, ಬಸ್ಸು ಓಗುತ್ತೆ. ಏನೈತೆ ಅದ್ರಲ್ಲಿ ಅಂಥದ್ದು? ಕೊಟ್ಟು ತಗೊಂಡು ಬಾ."

"ಅತ್ತೆ, ಬೆಳಗಿನ ಹಾಲು ತೋರಿಸಿದಾರೆ. ಸಂಜೇದು ನೋಡಬೇಕು."

ಅತ್ತೆ ನನ್ನ ಮುಖ ನೋಡಿದರು. ಬೆಂಕಿಯ ಚಿತ್ರದ ಪೆಟ್ಟಿಗೆ ನೋಡಿದರು. ಆಮೇಲೆ ಅಂಗಡಿಯಾತನನ್ನು ನೋಡಿ, "ಇದ್ರಲ್ಲೂ ಅಂಗೇ ಮಾಡ್ತಾರೇನಪ್ಪಾ?" ಎಂದರು.

"ಅಜ್ಜಿ, ನಾನು ಪೆಟ್ಗೆ ಮಾರೋನು. ನಂಗೇನು ಗೊತ್ತು?"

"ದನದ ದಲ್ಲಾಳೀನೂ ಇದನ್ನೇ ಅಂತಾನೆ," ಎಂದು ಅತ್ತೆ ಪುನಃ ಸ್ಟೂಲಿನ ಮೇಲೆ ಕೂತು, ಸೊಂಟದಿಂದ ಫೋನು ತೆಗೆದು ಪಕ್ಕದ ಮನೆಯವಳಿಗೆ ಹಚ್ಚಿದರು. ಅತ್ತೆಗೆ ಫೋನೆಂದರೆ ದೂರದವರಿಗೆ ಕೂಗುವ ಸಾಧನ. "ಲೇ, ನಮ್ಮ ಅಸಾನ ಇವತ್ತು ನೀನೇ ಕರೆದು ಡೈರಿಗೆ ಆಕ್ಬುಡೇ. ಒದೀತದೆ, ಬೂಸಾ ಮುಂದಿಟ್ಟು ಕೂತ್ಕೋ. ನಮ್ದಿಲ್ಲಿ ಯಾಪಾರ ಇನ್ನೂ ಮುಗ್ದಿಲ್ಲ." ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು.

ಈ ಸಲ ಗೆರೆ ಶುರುವಿಗೇ ಗುಡ್ಡದಂತೆ ಎದ್ದಿತು. ಪೆಟ್ಟಿಗೆಯ ಮೇಲಿದ್ದ ಅಂಕಿಗೆ ಹತ್ತಿರ ಹತ್ತಿರ ಹೋಯಿತು. ಅಂಗಡಿಯಾತ ಹುಬ್ಬು ಹಾರಿಸಿದ. ನಾನು ಗೆರೆಯಿಂದ ಕಣ್ಣು ತೆಗೆಯಲಿಲ್ಲ. ಆತ ಒಬ್ಬರಿಗೆ ಚಾರ್ಜರು ಕೊಟ್ಟು, ಇನ್ನೊಬ್ಬರ ಮೊಬೈಲಿಗೆ ಗಾಜು ಅಂಟಿಸುತ್ತಿದ್ದಾಗ, ಗೆರೆ ಹಗ್ಗ ಕಡಿದ ಕೊಡದ ಹಾಗೆ ಸರ್ರನೆ ಇಳಿದು ತಳದಲ್ಲಿ ಮಲಗಿತು. ಮೇಲೇಳಲೇ ಇಲ್ಲ. ಅಂಕಿ ಈಗ ನನ್ನ ಮುದಿ ಡಿಸ್ಕಿಗಿಂತಲೂ ಕೆಳಗಿತ್ತು.

"ಬತ್ತೋಯ್ತಾ?" ಎಂದರು ಅತ್ತೆ.

"ಬತ್ತಿತು ಅತ್ತೆ."

ಅಂಗಡಿಯಾತ ಬಗ್ಗಿ ನೋಡಿ, "ಅದಕ್ಕೇನಾ ನನ್ ಗೇಮು ಇಷ್ಟೊತ್ತು ತಿನ್ನೋದು!" ಎಂದ. ಆತನ ದನಿಯಲ್ಲಿದ್ದ ಬೇಸರ ನಿಜದ್ದೇ ಆಗಿತ್ತು. ಆತನೂ ಪೆಟ್ಟಿಗೆಯ ಮೇಲಿನದನ್ನು ನಂಬಿದವನೇ.

"ಇನ್ನೊಂದನ್ನ ಹಾಕಿ ನೋಡೋಣ," ಎಂದೆ.

"ಅದು ಸೀಲ್ ಪ್ಯಾಕು ಮೇಡಂ. ಒಡೆದ್ರೆ ಆಮೇಲೆ ಯಾರೂ ಮುಟ್ಟಲ್ಲ."

ಅಲ್ಲಿ ಒಂದು ಗಳಿಗೆ ತಡವರಿಸಿದೆ. ಒಡೆಸಿದ ಮೇಲೆ ಅದೂ ಬತ್ತಿದರೆ? ಕೈಯಲ್ಲಿದ್ದ ದುಡ್ಡು ಒಂದಕ್ಕೆ ಮಾತ್ರ. ನೋಡದೆ ಒಯ್ದು, ಶುಕ್ರವಾರ ಸಂಜೆ ಮನೆಯಲ್ಲಿ ಬತ್ತುವುದನ್ನು ನೋಡುವುದಕ್ಕಿಂತ ಇಲ್ಲೇ, ಈಗಲೇ ತಿಳಿಯಲಿ.

"ಒಡೀರಿ. ಹೇಗೇ ಬರಲಿ, ಅದು ನನ್ನದೇ. ವಾಪಸ್ ಕೊಡಲ್ಲ."

ಆತ ಬ್ಲೇಡಿನಿಂದ ಅಂಟು ಕೊಯ್ದು, ಆ ತೆಳ್ಳನೆಯ ಪಟ್ಟಿಯನ್ನು ಒಂದು ಅಡಾಪ್ಟರಿಗೆ ಸಿಕ್ಕಿಸಿ ಕೂರಿಸಿದ. ಅದೇ ಗೇಮನ್ನು ಹಾಕಿದ. ಗೆರೆ ಗುಡ್ಡದಂತೆ ಏಳಲಿಲ್ಲ. ನಡುವಿಗೆ ಬಂದು ನಿಂತಿತು. ಅರ್ಧ ದಾಟಿದ ಮೇಲೆ ಒಂದು ಮೆಟ್ಟಿಲು ಇಳಿಯಿತು. ಆಮೇಲೆ ಅಲ್ಲೇ, ಆ ಮೆಟ್ಟಿಲ ಮೇಲೇ, ಮುಗಿಯುವವರೆಗೂ ಸಮನಾಗಿ ನಡೆಯಿತು. ಇನ್ನೂ ಒಂದು ಸಲ ಹಾಕಿಸಿದೆ. ಹಾಗೇ ನಡೆಯಿತು.

"ಇದನ್ನೇ ಕೂರಿಸಿಕೊಡಿ," ಎಂದೆ.

ಆತ ಲ್ಯಾಪ್‌ಟಾಪ್ ಬಿಚ್ಚಿ, ದೂಳು ಊದಿ, ಪಟ್ಟಿಯನ್ನು ಓರೆಯಾಗಿ ತೂರಿಸಿ ಒತ್ತಿ ಸ್ಕ್ರೂ ಹಾಕಿದ. ಸಿಸ್ಟಮ್ಮಿನ ತಂತ್ರಾಂಶವನ್ನು ಹೊಸದಕ್ಕೇ ಹಾಕಿಸಿಕೊಂಡೆ. ಹೊರಡುವಾಗ ಅತ್ತೆ, "ನೀನೂ ಇಂಥದ್ದೇ ತಕ್ಕಳಪ್ಪಾ," ಎಂದು ಆತನಿಗೇ ಬುದ್ಧಿ ಹೇಳಿದರು. "ಮೊದ್ಲು ಇದನ್ನ ಯಾರಿಗಾದ್ರೂ ಮಾರ್ಬೇಕಲ್ಲಜ್ಜಿ," ಎಂದು ಆತ ಬೆಂಕಿಯ ಪೆಟ್ಟಿಗೆಯನ್ನು ಶೋಕೇಸಿನೊಳಕ್ಕೆ ತಳ್ಳಿದ. ಅದನ್ನು ಕೇಳಿ ಸುಮ್ಮನೆ ಬರಲು ನನ್ನಿಂದಾಗಲಿಲ್ಲ. ಬಾಗಿಲಲ್ಲೇ ನಿಂತು, "ಮಾರಿ, ಆದರೆ ಬತ್ತುತ್ತೆ ಅಂತ ಹೇಳಿ ಮಾರಿ," ಎಂದೆ. ಆತ ನಕ್ಕು ಮುಂದಿನ ಗಿರಾಕಿಯತ್ತ ತಿರುಗಿದ.

ಬೂಸಾ ಮೂಟೆಯನ್ನು ಬಸ್ಸಿನ ಮೇಲೆ ಹಾಕಿಸಿ ಮನೆ ಸೇರುವಾಗ ದೀಪ ಹಚ್ಚುವ ಹೊತ್ತು. ಕಾಲು ತೊಳೆದವಳೇ ಡಿಸೈನಿನ ಸಾಫ್ಟ್‌ವೇರು ಹಾಕಿ, ಮದುವೆಯನ್ನು ಹೊಸ ಡ್ರೈವಿಗೆ ಸುರಿದೆ. ಅನ್ನಕ್ಕೆ ಎಸರಿಟ್ಟು ಬಂದು, ಎಲ್ಲಕ್ಕಿಂತ ಭಾರದ ಪುಟವನ್ನೇ ಬೇಕೆಂದು ತೆರೆದೆ. ಹೂವು, ಕನ್ನಡಿ ಅಂಚು, ನಲವತ್ತು ಮಂದಿಯ ಗುಂಪು ಚಿತ್ರ, ಎಲ್ಲವೂ ಬೆರಳು ಎತ್ತುವುದರೊಳಗೆ ಎದುರಿಗೆ ಬಂದು ನಿಂತವು. ಎರಡು ಪುಟ ಮುಗಿಸಿದೆ. ಮೂರನೆಯದನ್ನು ಸೇವ್ ಮಾಡಿ ಸ್ಟುಡಿಯೋಗೆ ಫೋನು ಹಚ್ಚಿದೆ.

"ಅಣ್ಣಾ, ಶನಿವಾರ ಬೇಡ, ಶುಕ್ರವಾರವೇ ಕಳಿಸ್ತೀನಿ. ಮುಂದಿನ ಮದುವೆಗಳನ್ನ ಎಲ್ಲಿಗೂ ಕೊಡಬೇಡಿ."

"ಶುಕ್ರವಾರ ಬಂದ್ರೆ ಮೂರು ಮದ್ವೆ ನಿಮ್ದೇ ಸಿಸ್ಟರ್. ಮಾತು ಮಾತೇ."

ಫೋನಿಡುವಾಗ ಪಕ್ಕದ ಮನೆಯವಳು ತೊಳೆದ ಕ್ಯಾನು ತಂದು ಬಾಗಿಲಲ್ಲಿ ನಿಂತಿದ್ದಳು. ಸೀರೆಯ ಮೇಲೆ ಗೊರಸಿನ ಗುರುತು ಹಸಿಯಾಗಿಯೇ ಇತ್ತು.

"ಒದೀತಾ?" ಎಂದೆ, ಪಾಪ ಅನ್ನಿಸಿ.

"ಬುಡಕ್ಕಾ, ಅದೆಲ್ಲ ಇದ್ದಿದ್ದೇ. ಎಲ್ಲಿ, ಅಷ್ಟೊತ್ತು ಕೂತು ತಂದಿದ್ದನ್ನ ತೋರ್ಸಿ."

"ಇದರೊಳಗಿದೆ," ಎಂದು ಲ್ಯಾಪ್‌ಟಾಪನ್ನು ತೋರಿಸಿದೆ.

ಅವಳು ಅದರ ಎಡ ನೋಡಿದಳು, ಬಲ ನೋಡಿದಳು, ಬಗ್ಗಿ ಅಡಿಯನ್ನೂ ನೋಡಿದಳು. ಕ್ಯಾನನ್ನು ಗೋಡೆಯ ಪಕ್ಕ ಇಟ್ಟು, ಹೊರಡುತ್ತಾ ಅಂದಳು:

"ಅಷ್ಟು ದುಡ್ಡು ಕೊಟ್ಟು ತಂದು ಒಳಗಿಟ್ಟು ಸ್ಕ್ರೂ ಒಡ್ಕೊಂಡು ಕೂತಿದ್ದೀರಲ್ಲಕ್ಕಾ. ಒಂದು ಮೂಗುಬಟ್ಟಾದ್ರೂ ತಗೊಂಡಿದ್ರೆ ನಾಕು ಜನ ನೋಡೋರು."