ಬಸ್ತಾದ ದಿನ ಮನೆಯಲ್ಲುಳಿದ ಗುಳಿಗೆ

ನಿಶ್ಚಯವಾದ ಹತ್ತನೇ ದಿನಕ್ಕೆ ಬೀಗರು ಬಸ್ತಾಕ್ಕೆ ಕರೆದರು. ಮದುವೆಯ ಬಟ್ಟೆಬರೆಯನ್ನೆಲ್ಲ ಎರಡೂ ಮನೆಯವರು ಒಂದೇ ಅಂಗಡಿಯಲ್ಲಿ ಕೂತು ಕೊಳ್ಳುವುದಕ್ಕೆ ನಮ್ಮ ಕಡೆ ಬಸ್ತಾ ಅನ್ನುತ್ತಾರೆ. ಅವರು ಕಿತ್ತೂರಿನವರು, ನಾವು ಮುರಗೋಡದವರು. ಬೈಲಹೊಂಗಲದ ಅಂಗಡಿ ಗೊತ್ತಾಯಿತು. ಮಗಳ ಮದುವೆಯ ಮೊದಲ ಕೆಲಸ. ಹಿಗ್ಗಬೇಕಾದ ಹೊತ್ತಿನಲ್ಲಿ ನನಗೆ ಹೆದರಿಕೆಯೇ ಹೆಚ್ಚಾಗಿತ್ತು.

ಮಗಳಿಗೆ ಏಳನೇ ಇಯತ್ತೆಯಿಂದ ಫಿಟ್ಸ್ ಬರುತ್ತಿತ್ತು. ಗುಳಿಗೆ ಶುರುವಾದ ಮೇಲೆ ಕಡಿಮೆಯಾಗುತ್ತ ಬಂದು, ನಾಲ್ಕು ವರ್ಷಗಳಿಂದ ಒಮ್ಮೆಯೂ ಬಂದಿರಲಿಲ್ಲ. ಬೆಳಿಗ್ಗೆ ನಾಷ್ಟಾ ಆದ ಮೇಲೊಂದು, ರಾತ್ರಿ ಊಟದ ಮೇಲೊಂದು. ಒಂದು ಹೊತ್ತೂ ತಪ್ಪಿಸಬೇಡಿ ಎಂದು ಧಾರವಾಡದ ಡಾಕ್ಟರು ಹೇಳಿದ್ದರು. ಬೀಗರಿಗೆ ಇದನ್ನು ನಾವು ಹೇಳಿರಲಿಲ್ಲ. ಹೆಣ್ಣು ನೋಡಲು ಬಂದ ದಿನವೇ ಹೇಳಿಬಿಡೋಣವೆಂದು ನಾನಂದರೆ, ಮನೆಯ ಹಿರಿಯರಾದ ನಮ್ಮ ಭಾವನವರು ಅಡುಗೆಮನೆಯ ಬಾಗಿಲಿಗೇ ಬಂದು ತಡೆದರು.

"ಹಳೇ ಮಾತು ಈಗ್ಯಾಕ ತಗೀತಿಯವಾ? ಮಗಳನ್ನ ಮನ್ಯಾಗ ಇಟ್ಕೊಂಡು ಕುಂಡ್ರಾಕಿ ಏನು?"

ನಮ್ಮ ಮನೆಯವರು ಅಣ್ಣನ ಮಾತು ಮೀರಿದವರಲ್ಲ. ನಾನೂ ಚಹಾದ ತಾಟು ಎತ್ತಿಕೊಂಡು ಹೊರಗೆ ಹೋದೆ. ಮಗಳು ಮಾತ್ರ ಆಮೇಲೆ ಎರಡು ಸಲ ಕೇಳಿದಳು, "ಅವ್ವಾ, ಎಂದ ಹೇಳತಿ?" ಎಂದು.

ಬಸ್ತಾದ ದಿನ ಬೇಗ ಎದ್ದು ಚೀಲ ಹೊಂದಿಸಿದೆ. ಅರಿಷಿಣ, ಕುಂಕುಮ, ಅಕ್ಕಿಕಾಳು, ತೆಂಗಿನಕಾಯಿ, ಅಳತೆಗೆ ಮಗಳದೊಂದು ಜಂಪರು. ಕಡೆಗೆ ಅವಳ ಪರ್ಸು ತೆರೆದರೆ ಗುಳಿಗೆಯ ಪಟ್ಟಿ ಕಂಡಿತು. ಅಂಗಡಿಯಲ್ಲಿ ಯಾರಾದರೂ ಪಿನ್ನು ಹುಡುಕಲು ಪರ್ಸಿಗೆ ಕೈ ಹಾಕಿದರೆ? ಪಟ್ಟಿ ಹೊರಗೆ ತೆಗೆದು ರೊಟ್ಟಿ ಬುಟ್ಟಿಯ ಹಿಂದೆ ಇಟ್ಟೆ. ಒಂದೇ ಒಂದು ಗುಳಿಗೆ ಕಾಗದದಲ್ಲಿ ಸುತ್ತಿ ನನ್ನ ಎಲೆಯಡಿಕೆ ಸಂಚಿಯಲ್ಲಿ ಇಟ್ಟುಕೊಂಡರಾಯಿತು ಅಂದುಕೊಂಡೆ. ಅಷ್ಟರಲ್ಲಿ ಭಾವನವರು ಟಂಟಂ ಗಾಡಿ ಬಂತೆಂದು ಕೂಗಿದರು. ಪಟ್ಟಿ ಅಲ್ಲಿಯೇ ಉಳಿಯಿತು.

ಅವಳು ಬೆಳಿಗ್ಗೆಯ ಗುಳಿಗೆಯನ್ನು ನುಂಗಿರಲಿಲ್ಲ. ನಮ್ಮ ಮನೆತನದಲ್ಲಿ ದೇವರ ಬಟ್ಟೆ ಮತ್ತು ತಾಳಿ ಕಟ್ಟುವ ಹೊತ್ತಿಗೆ ಉಡುವ ಸೀರೆ, ಇವೆರಡನ್ನೂ ಕೊಳ್ಳುವ ತನಕ ಮದುಮಗಳು ಏನೂ ತಿನ್ನುವಂತಿಲ್ಲ. ಹತ್ತರೊಳಗೆ ಮುಗಿದೀತು, ಆಮೇಲೆ ತಿನ್ನಿಸಿ ಕೊಟ್ಟರಾಯಿತು ಎಂದು ನನ್ನ ಎಣಿಕೆ.

ದೇವರ ಬಟ್ಟೆ ಬೇಗ ಮುಗಿಯಿತು. ಸೀರೆ ಮುಗಿಯಲಿಲ್ಲ. ಅದನ್ನು ಆರಿಸುವುದು ಗಂಡಿನ ತಾಯಿ. ಹೆಣ್ಣಿನ ತಾಯಿ ನಡುವೆ ಬಾಯಿ ಹಾಕಬಾರದು. ಬೀಗತಿ ಗಾದಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಒಂದೊಂದನ್ನೇ ಬಿಡಿಸಿ ಬಾಗಿಲ ಬೆಳಕಿಗೆ ಹಿಡಿಯುತ್ತಿದ್ದರು.

"ಈ ಹಸರ ನೋಡ್ರಿ ಅಕ್ಕಾರ, ಗಿಳಿ ಕುಂತಂಗ ಐತಿ," ಅಂದ ಅಂಗಡಿಯವನು.

"ಗಿಳಿ ನಿನ್ನ ಅಂಗಡ್ಯಾಗ ಕುಂಡ್ರಲಿ. ನನ್ನ ಸೊಸಿಗೆ ಹೊಂದೂದು ತಗಿ. ಹೋದ ವರ್ಷದ ಮಾಲು ನನಗ ಗುರ್ತ ಸಿಗೂದಿಲ್ಲ ಅಂತ ಮಾಡೀಯೇನು?"

ಎಲ್ಲರೂ ನಕ್ಕರು. ನಾನು ಗೋಡೆಯ ಗಡಿಯಾರ ನೋಡಿದೆ. ಹನ್ನೊಂದೂವರೆ. ಮಗಳು ನನ್ನ ಕಡೆ ವಾಲಿ, ತುಟಿ ಅಲುಗದಂತೆ, "ಅವ್ವಾ, ಗುಳಿಗಿ ಕೊಡು. ತಿಂದ ಮ್ಯಾಲ ಆಗಲಿ ಅಂದ್ರ ತಡಿಯೂದಿಲ್ಲ," ಅಂದಳು. ಅವಳ ಬಲಗೈ ಹೆಬ್ಬೆರಳು ಮಿಡುಕುತ್ತಿತ್ತು. ಮೊದಲೂ ಹಾಗೆಯೇ ಶುರುವಾಗುತ್ತಿದ್ದುದು.

ಸಂಚಿಯಲ್ಲಿ ಕೈಯಾಡಿಸಿದೆ. ಅಡಿಕೆ, ಸುಣ್ಣದ ಡಬ್ಬಿ, ಎರಡು ಲವಂಗ. ಪಟ್ಟಿ ರೊಟ್ಟಿ ಬುಟ್ಟಿಯ ಹಿಂದೆ ಉಳಿದದ್ದು ಆಗ ನೆನಪಾಯಿತು. ಇಲ್ಲಿ, ಇಷ್ಟು ಜನರ ನಡುವೆ ಬಿದ್ದರೆ? ಅವಳಿಗೆ ಪೆಟ್ಟಾದೀತು ಅನ್ನುವುದಕ್ಕಿಂತ ಮೊದಲು, ಬೀಗರು ನೋಡಿಬಿಡುತ್ತಾರಲ್ಲ ಅನ್ನುವುದೇ ನನಗೆ ಹೊಳೆಯಿತು. ಹೆತ್ತ ತಾಯಿಗೆ ಹೊಳೆದದ್ದು ಅದು. ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆದಿದ್ದೇನೆ.

"ಯಾಕವಾ, ಮಾರಿ ಬಾಡೇತಿ? ಹಸಿವಾತೇನು?" ಬೀಗತಿ ಅವಳನ್ನು ಕೇಳಿದರು.

ನಾನು ಎದ್ದು ಬೀಗತಿಯ ಕೈ ಹಿಡಿದು ಮೆಟ್ಟಿಲ ಹತ್ತಿರ ಕರೆದುಕೊಂಡು ಹೋದೆ. "ಅಕ್ಕಾರ, ನನ್ನ ಮಗಳಿಗೆ ಫಿಟ್ಸ್ ಬರತಿದ್ವು. ನಾಲ್ಕ ವರ್ಷ ಆತು, ಬಂದಿಲ್ಲ. ಇವತ್ತಿನ ಗುಳಿಗಿ ಮನ್ಯಾಗ ಉಳದೈತಿ. ನಿಮಗ ಹೇಳದ ಮುಚ್ಚಿಟ್ಟಿದ್ವಿ."

ಅವರು ತಿರುಗಿ ಮಗಳ ಕಡೆ ನೋಡಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ.

"ಮದ್ಲ ಹುಡುಗಿ ಹೊಟ್ಟಿಗೆ ಏನರ ಹಾಕ್ರಿ," ಅಂದರು. "ಗುಳಿಗಿ ಹೆಸರು ಗೊತ್ತೈತಿಲ್ಲೋ?"

ಡಾಕ್ಟರ ಚೀಟಿಯ ಫೋಟೋ ಮಗಳ ಮೊಬೈಲಿನಲ್ಲಿತ್ತು. ಅದನ್ನು ಹಿಡಿದು ಔಷಧಿ ಅಂಗಡಿಗೆ ಓಡಿದವರು ಭಾವನವರೇ. ಮಗಳು ಎರಡು ಬಾಳೆಹಣ್ಣು ತಿಂದು, ಗುಳಿಗೆ ನುಂಗಿ, ಸೀರೆಗಳನ್ನು ಸರಿಸಿದ ಗಾದಿಯ ಮೇಲೆ ಮಗ್ಗುಲಾದಳು. ಅವಳ ಕೈಯನ್ನು ನನ್ನ ಕೈಯಲ್ಲಿ ಒತ್ತಿ ಹಿಡಿದು ಕೂತೆ. ಆ ದಿನ ಫಿಟ್ಸ್ ಬರಲಿಲ್ಲ.

ಬೀಗತಿ ಅಂಗಡಿಯವನಿಗೆ, "ಇವತ್ತ ಸೀರಿ ಬ್ಯಾಡ, ಬಾಜೂಕ ಇಡು," ಅಂದರು. ನನಗೆ, "ಮನ್ಯಾಗ ಮಾತಾಡಿ ಫೋನ್ ಹಚ್ಚತೇವ್ರಿ," ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದರು.

ತಿರುಗಿ ಬರುವಾಗ ಭಾವನವರು, "ಕೂಡಿದ್ದ ಸಂಬಂಧ ಕೈಯಾರೆ ಮುರದಿ," ಅಂದರು.

"ಅವ್ವ ಹೇಳದಿದ್ರ ನಾ ಹೇಳತಿದ್ದೆ ದೊಡ್ಡಪ್ಪ," ಅಂದಳು ಮಗಳು. "ಬಿದ್ದು ಹೇಳತಿದ್ದೆ."

ನಾಲ್ಕು ದಿನ ಫೋನಿಲ್ಲ. ರೊಟ್ಟಿ ಬಡಿಯುವಾಗಲೂ ಮೊಬೈಲು ಕಟ್ಟಿಗೆ ಪೆಟ್ಟಿಗೆಯ ಮೇಲೆ ಕಣ್ಣಿಗೆ ಕಾಣುವಂತೆ ಇಟ್ಟುಕೊಳ್ಳುತ್ತಿದ್ದೆ. ಅದು ರಿಂಗಾದರೆ ಹಿಟ್ಟಿನ ಕೈ ಅಲ್ಲೇ ನಿಲ್ಲುತ್ತಿತ್ತು. ಐದನೆಯ ದಿನ ಬೀಗತಿ ಫೋನ್ ಮಾಡಿದರು.

"ಹುಡುಗ ಡಾಕ್ಟರನ್ನ ತಾನ ಭೆಟ್ಟಿ ಆಗತಾನಂತ. ನಿಮ್ಮ ಮಗಳೂ ಧಾರವಾಡಕ್ಕ ಬರಲಿ. ಆಮ್ಯಾಲ ಮುಂದಿಂದು ನೋಡೂಣು." ಫೋನ್ ಇಡುವ ಮುಂಚೆ, "ಮುಚ್ಚಿಟ್ಟಿದ್ದು ಮನಸಿಗೆ ಭಾಳ ಹತ್ತೇತ್ರಿ ಅಕ್ಕಾರ," ಅಂದರು.

ನಾನೂ ಬರಲೇ ಎಂದರೆ ಮಗಳು ಬೇಡವೆಂದಳು. ಹೋದವಳು ಸಂಜೆಯ ಬಸ್ಸಿಗೆ ಬಂದಳು. ಕಾಲು ತೊಳೆಯುತ್ತಿದ್ದವಳನ್ನು ಬಚ್ಚಲ ಬಾಗಿಲಲ್ಲೇ ನಿಂತು ಕೇಳಿದೆ, "ಹುಡುಗ ಏನಂದ?"

"ನನಗೇನೂ ಅನ್ನಲಿಲ್ಲ. ಬಿದ್ದಾಗ ಯಾವ ಮಗ್ಗಲಿಗೆ ಹೊರಳಿಸಬೇಕು ಅಂತ ಡಾಕ್ಟರಿಗೆ ಎರಡ ಸಲ ಕೇಳಿದ. ಮೊಬೈಲಿನ್ಯಾಗ ಬರಕೊಂಡ."

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ.