ಗೋದಕ್ಕ ಕುಡಿದ ಕಷಾಯ

ಎದೆಯುರಿ ಇದ್ದವನ ಪಕ್ಕದಲ್ಲಿ ಐದು ನಿಮಿಷ ಕೂತರೆ ಸಾಕು, ಅವನು ತನ್ನ ಹೊಟ್ಟೆಯ ಚರಿತ್ರೆ ತೆಗೆಯುತ್ತಾನೆ. ನಾನಂತೂ ತೆಗೆಯುತ್ತಿದ್ದೆ. ಇಂಗ್ಲಿಷರ ಕಾಲದಲ್ಲಿ ಪುಣೆಯ ಒಂದು ಕಚೇರಿಯಲ್ಲಿ ನಾನು ಗುಮಾಸ್ತ. ನನ್ನ ಹುಳಿತೇಗು ಎಷ್ಟು ಗಂಟೆಗೆ ಬರುತ್ತದೆ, ಎಲ್ಲಿಂದ ಎಲ್ಲಿಗೆ ಸುಡುತ್ತದೆ ಎಂಬುದು ಪಕ್ಕದ ಮೇಜಿನವರಿಗೂ ಬಾಯಿಪಾಠವಾಗಿತ್ತು. ದಿನಕ್ಕೆ ಆರು ಕಪ್ ಚಹಾ, ಮೇಲೆ ಖಾರದ ಚಿವಡಾ; ಆ ವಿಷಯ ಮಾತ್ರ ಯಾರಿಗೂ ಹೇಳುತ್ತಿರಲಿಲ್ಲ.

ನಮ್ಮ ಪೇಟೆಯ ವೈದ್ಯರು ನಾಡಿ ಹಿಡಿದು, ಪಿತ್ತ ಏರಿದೆ, ಕಹಿಯೇ ಅದಕ್ಕೆ ಮದ್ದು ಎಂದರು. ಅಮೃತಬಳ್ಳಿ, ಕಿರಾತಕಡ್ಡಿ ಕುದಿಸಿದ ಕಷಾಯ ಊಟಕ್ಕೆ ಮೊದಲು ಒಂದು ಬಟ್ಟಲು. ಚಹಾ ಬಂದ್. ನಮ್ಮ ಶಾಸ್ತ್ರದಲ್ಲಿ ಕಹಿ ಪಿತ್ತವನ್ನು ತಣಿಸುತ್ತದೆ. ಸಾಹೇಬರು ನೋಡಿದರೆ ಹಸಿವು ಕೆರಳಲಿ ಎಂದು ಊಟಕ್ಕೆ ಮುಂಚೆ ಕಹಿ ಕುಡಿಯುತ್ತಾರೆ. ಒಂದೇ ರುಚಿಗೆ ಎರಡು ಕೆಲಸ ಹೇಗೆ ಎಂದು ನಾನು ಕಚೇರಿಯಲ್ಲಿ ತಮಾಷೆ ಮಾಡುತ್ತಿದ್ದೆ. ಹದಿನೈದು ದಿನಕ್ಕೆ ನನ್ನ ಉರಿ ಇಳಿಯಿತು. ಕಷಾಯದಿಂದಲೋ, ಚಹಾ ಬಿಟ್ಟದ್ದರಿಂದಲೋ, ದೇವರೇ ಬಲ್ಲ.

ಆ ಕಷಾಯ ಕುದಿಸುತ್ತಿದ್ದವಳು ಗೋದಕ್ಕ, ನನ್ನ ಒಡಹುಟ್ಟಿದ ಅಕ್ಕ. ಹದಿನಾರಕ್ಕೇ ಗಂಡನನ್ನು ಕಳೆದುಕೊಂಡಿದ್ದಳು. ನನಗೆ ಮದುವೆ ಕೂಡಿಬರಲಿಲ್ಲವಾಗಿ, ಧಾರವಾಡದಿಂದ ಬಂದು ನನ್ನ ಮನೆ ನಡೆಸುತ್ತಿದ್ದಳು. ನಾನು ಕುಡಿದು ಉಳಿದದ್ದನ್ನು ಅವಳು ಸಂಜೆ ಕುಡಿಯುತ್ತಿದ್ದಳಂತೆ. ಅವಳಿಗೂ ಎದೆಯುರಿ ಇತ್ತು. ನನ್ನ ಉರಿಯ ಗದ್ದಲದಲ್ಲಿ ಅವಳದು ನನಗೆ ಕೇಳಿಸಿರಲಿಲ್ಲ.

ಒಂದು ದ್ವಾದಶಿಯ ಬೆಳಿಗ್ಗೆ ನಾವಿದ್ದ ವಾಡೆಯ, ಅಂದರೆ ವಠಾರದ, ನಳದ ಹತ್ತಿರ ಕೊಡ ಹಿಡಿದುಕೊಂಡೇ ಕುಸಿದಳು. ಕಪ್ಪಗೆ ವಾಂತಿಯಾಯಿತು. ಓಡಿಹೋಗಿ ಡಾಕ್ಟರನ್ನು ಕರೆತಂದೆ. ಅವರು ಹೊಟ್ಟೆ ಒತ್ತಿ ನೋಡಿ, ದಿನಕ್ಕೆ ಎಷ್ಟು ಸಲ ಊಟ ಮಾಡುತ್ತಾರೆ ಎಂದು ಮರಾಠಿಯಲ್ಲಿ ನನ್ನನ್ನು ಕೇಳಿದರು. ನಾನು ಅಕ್ಕನ ಮುಖ ನೋಡಿದೆ.

"ಒಪ್ಪೊತ್ತು," ಎಂದಳು ಅಕ್ಕ. "ನಮ್ಮಂಥವರಿಗೆ ಎರಡ ಹೊತ್ತು ಎಲ್ಲಿದ್ದೀತು? ಏಕಾದಶಿಗೆ ಅದೂ ಇಲ್ಲ. ಸಂಜೀಗೆ ಇವನ ಕಷಾಯ ಉಳದದ್ದು ಕುಡೀತೀನಿ."

ಹೊಟ್ಟೆಯೊಳಗೆ ಹುಣ್ಣಾಗಿದೆ ಎಂದರು ಡಾಕ್ಟರು. ಕಹಿ ಕುಡಿದರೆ ಹೊಟ್ಟೆಯ ರಸ ಉಕ್ಕಬಹುದು. ಅನ್ನವಿದ್ದರೆ ಅನ್ನ ಕರಗೀತು, ಏನೂ ಇಲ್ಲದಿದ್ದರೆ ಆ ಹುಣ್ಣನ್ನೇ ಸುಡುತ್ತದೆ. ಎರಡು ತಾಸಿಗೊಮ್ಮೆ ಹಾಲು, ಮೆತ್ತಗಿನ ಅನ್ನ ಕೊಡಿ ಎಂದರು.

"ಕುಡದ ಮ್ಯಾಲೆ ಇನ್ನೂ ಭಾಳ ಉರೀತಿರಬೇಕಲ್ಲ, ಯಾಕ ಕುಡದಿ?" ಎಂದೆ.

"ನಿನಗ ಗುಣ ಆತಲ್ಲ ತಮ್ಮಾ. ನನಗೂ ಆಗ್ತದ ಅಂದ್ಕೊಂಡೆ."

ಸಂಜೆ ಉಣ್ಣಲು ಅವಳು ಒಪ್ಪಲಿಲ್ಲ. ಗಂಡ ಸತ್ತಾಗಿನಿಂದ ಇಪ್ಪತ್ತೆರಡು ವರ್ಷದ ಆಚಾರ. ನೀ ಉಣ್ಣದಿದ್ದರ ನಾನೂ ಉಣ್ಣಂಗಿಲ್ಲ ಎಂದು ನಾನು ಹಟ ಹಿಡಿದೆ. ಎರಡು ಸಂಜೆ ಬರಿ ಹೊಟ್ಟೆಯಲ್ಲಿದ್ದುದಕ್ಕೇ ನನ್ನ ಎದೆ ಕೆಂಡವಾಯಿತು. ಅವಳು ಇದನ್ನು ಇಪ್ಪತ್ತೆರಡು ವರ್ಷ ಹೊತ್ತು, ಒಂದು ತೇಗಿನ ಸದ್ದೂ ಕೇಳಿಸದಂತೆ ನನಗೆ ಬಡಿಸಿದ್ದಳು.

ಮೂರನೆಯ ಸಂಜೆ ತಾನೇ ಎರಡು ತಾಟು ಹಾಕಿದಳು. ಹಾಲು ಅನ್ನ ಕಲಸಿ, ಬಾಗಿಲ ಕಡೆ ಒಮ್ಮೆ ನೋಡಿ, ಒಂದು ತುತ್ತು ಬಾಯಿಗಿಟ್ಟಳು. ಬಹಳ ಹೊತ್ತು ಅಗಿದಳು. "ಸಂಜೀ ಅನ್ನದ ರುಚಿ ಹಿಂಗಿರ್ತದ, ಮರ್ತೇ ಬಿಟ್ಟಿದ್ದೆ ನೋಡು," ಎಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ನಾನು ತಲೆ ಎತ್ತಲಿಲ್ಲ.

ನಾಲ್ಕು ತಿಂಗಳು ಹಾಗೆ ಇಬ್ಬರೂ ಕೂಡಿ ಉಂಡೆವು. ಆಮೇಲೆ ಹುಣ್ಣು ಒಳಗೇ ಒಡೆಯಿತು. ದವಾಖಾನೆಗೆ ಒಯ್ಯುವಷ್ಟರಲ್ಲಿ ಅಕ್ಕ ಹೋದಳು.

ದಾರಿಯಲ್ಲಿ ಸಿಕ್ಕವರನ್ನೆಲ್ಲ "ಊಟ ಆತೇನ್ರಿ?" ಎಂದು ಕೇಳಿ, ಉತ್ತರ ಬರುವ ಮೊದಲೇ ಮುಂದೆ ನಡೆಯುವುದು ನಮ್ಮ ಕಡೆಯವರ ರೂಢಿ. ಪುಣೆಯ ಅರ್ಧ ಊರನ್ನು ನಾನು ಹಾಗೆ ಕೇಳಿದ್ದೇನೆ. ನನಗೆ ಬಡಿಸಿದವಳನ್ನು ಕೇಳಲಿಲ್ಲ. ಈಗಲೂ ಕೇಳುತ್ತೇನೆ. ಆದರೆ ಕೇಳಿದ ಮೇಲೆ ನಿಂತುಬಿಡುತ್ತೇನೆ. ಅವಸರದಲ್ಲಿದ್ದವರಿಗೆ ಇದೊಂದು ಕಾಟ. ಕೆಲವರು ನನ್ನನ್ನು ಕಂಡರೆ ಓಣಿ ಬದಲಿಸುತ್ತಾರೆ. ಒಬ್ಬಿಬ್ಬರು ಮಾತ್ರ ಸುಮ್ಮನೆ ನಿಲ್ಲುತ್ತಾರೆ. ಅವರನ್ನು ಮನೆಗೆ ಕರೆದುಕೊಂಡು ಬರುತ್ತೇನೆ.