ಕಾಕಾನ ಹಲಗಿ, ನನ್ನ ಡಬ್ಬಿ

ಕೆಲವು ವಿವರ ತಪ್ಪಿರಬಹುದು. ಝಳಕಿಯ ನಮ್ಮ ಮನೆಯಂಗಳದಲ್ಲಿ ಅಂದು ಕುಣಿಯುತ್ತಿದ್ದವರು ನಾಲ್ಕು ಮಂದಿಯೋ ಹತ್ತು ಮಂದಿಯೋ, ಖಾತ್ರಿಯಿಲ್ಲ. ಅಪ್ಪನ ತಮ್ಮ, ನನ್ನ ಕಾಕಾ, ಬೆಂಕಿಗೆ ಕಾಯಿಸಿದ ಹಲಗಿ ಬಾರಿಸುತ್ತಿದ್ದರು. ಆ ಪೆಟ್ಟುಗಳನ್ನು ನಾನು ಹೊಸದಾಗಿ ಕೊಂಡ ಸ್ಯಾಂಪ್ಲರ್ ಎಂಬ ಪುಟ್ಟ ಧ್ವನಿಮುದ್ರಣ ಯಂತ್ರದಲ್ಲಿ ಹಿಡಿದು, ಗುಂಡಿ ಒತ್ತಿ ಅವರ ಜೊತೆಗೇ ನುಡಿಸುತ್ತಿದ್ದೆ. ಅದು ಯಾವ ವಾದ್ಯಕ್ಕಾದರೂ ಹೊಂದಿಕೊಳ್ಳುತ್ತದೆ ಎಂದು ನಂಬಿದ್ದೆ. ಕಾಕಾ ಹುರುಪಿನಲ್ಲಿ ವೇಗ ಏರಿಸಿದರು. ಯಂತ್ರ ಮೊದಲಿನ ವೇಗದಲ್ಲೇ ಉಳಿಯಿತು.

"ಕಾಕಾ, ತಾಳ ತಪ್ಪಾಕತ್ತೀರಿ," ಎಂದು ಎಲ್ಲರ ಮುಂದೆಯೇ ಅಂದೆ. ಯಾರೋ ನಕ್ಕರು.

"ನಾ ಕುಣಿಯೋರ ಕಾಲು ನೋಡಿ ಬಾರಸ್ತೇನಿ. ನಿನ್ನ ಡಬ್ಬಿಗೆ ನನ್ನ ಹಿಂದ ಬರಾಕ ಬರೂದಿಲ್ಲೇನವಾ?"

"ಇಲ್ರಿ, ನೀವ ಅದರ ಹಿಂದ ಬರಬೇಕು."

ಅವರು ಯಂತ್ರದ ವೇಗಕ್ಕೇ ಬಾರಿಸಿದರು. ಒಂದು ಪೆಟ್ಟೂ ತಪ್ಪಲಿಲ್ಲ, ಆದರೆ ಕುಣಿಯುವವರು ಒಬ್ಬೊಬ್ಬರಾಗಿ ನಿಂತರು. ಕಾಕಾ ಹಲಗಿಯನ್ನು ಗೂಟಕ್ಕೆ ತೂಗುಹಾಕಿದರು. ಅಂದಿನಿಂದ ಅದು ಅಲ್ಲೇ ಇದೆ.

ಯಂತ್ರಕ್ಕೆ ಬಾರದ್ದನ್ನು ಅವರ ತಪ್ಪೆಂದು ಹೇಳಿದ ನಾಚಿಕೆ ಇನ್ನೂ ಹೋಗಿಲ್ಲ. ಮೊನ್ನೆ ಡಬ್ಬಿ ಒಯ್ಯದೆ ಬರಿಗೈಯಲ್ಲಿ ಹೋಗಿ ಕೇಳಿದೆ: "ಕಾಕಾ, ಇನ್ನೊಮ್ಮಿ ಬಾರಸ್ತೀರೇನ್ರಿ?"